ಮುಟ್ಟದೆ ಸಾಕುವ ಪ್ರಾಣಿ

ಹೋದ ಸಲದ ಅಂಕಣದಲ್ಲಿ ವರ್ಕ್ ಫ್ರಮ್ ಹೋಮ್ ಬಗ್ಗೆ ಬರೀತಾ, ‘ನನ್ನ ಮೇಜಿನ ಪಕ್ಕದ ಶೆಲ್ಫಿನಲ್ಲಿ ಒಂದು ಟರಾಂಟುಲಾ ಇದೆ’ ಅಂತ ಅರ್ಧ ಸಾಲು ಹಾಕಿದ್ದೆ. ವರ್ಕ್ ಫ್ರಮ್ ಹೋಮ್ ಬಗ್ಗೆ ಒಬ್ಬರೂ ಏನೂ ಕೇಳಲಿಲ್ಲ. ಬಂದ ಮೇಲ್‌ಗಳೆಲ್ಲ ಆ ಅರ್ಧ ಸಾಲಿನ ಮೇಲೆಯೇ. ಕಚ್ಚಲ್ವಾ? ನಿಮ್ಮನ್ನ ಗುರುತು ಹಿಡಿಯುತ್ತಾ? ನಾಯಿ ಬೆಕ್ಕು ಬಿಟ್ಟು ಇದ್ಯಾಕೆ? ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ? ಕೊನೇ ಪ್ರಶ್ನೆಯನ್ನ ಒಬ್ಬರಲ್ಲ, ಹಲವರು ಕೇಳಿದ್ದಾರೆ. ಅದಕ್ಕೆ ಒಂದೇ ಸಾಲಲ್ಲಿ ಉತ್ತರ ಕೊಡೋಕೆ ಆಗಲ್ಲ. ಹಾಗಾಗಿ ಈ ವಾರ ಪೂರ್ತಿ ಜೇಡಕ್ಕೇ ಮೀಸಲು.

ಕುಳ್ಳರ ಪೈಕಿ

ನಾನಿರೋದು ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಒಂದು ಊರಲ್ಲಿ. ಹಾವು, ಹಲ್ಲಿ, ಆಮೆ, ಜೇಡ ಸಾಕೋರ ದೊಡ್ಡ ಬಳಗವೇ ಇಲ್ಲಿದೆ. ಆಗಾಗ ಅವರದೇ ಮೇಳ ನಡೆಯುತ್ತೆ. ಜಾತ್ರೆಯಲ್ಲಿ ಬಳೆ ಅಂಗಡಿಗಳಿರೋ ಹಾಗೆ ಸಾಲಾಗಿ ಮೇಜುಗಳು, ಮೇಜಿನ ತುಂಬ ಐಸ್‌ಕ್ರೀಮ್ ಕಪ್ಪಿನಂಥ ಪುಟ್ಟ ಡಬ್ಬಿಗಳು, ಒಂದೊಂದರಲ್ಲೂ ಒಂದೊಂದು ಮರಿ. ಎರಡು ವರ್ಷದ ಹಿಂದೆ ಅಂಥ ಒಂದು ಮೇಳದಿಂದ ಇದನ್ನ ತಂದೆ. ಆಗ ಅದರ ಮೈ ಒಂದು ತೊಗರಿಬೇಳೆಯಷ್ಟಿತ್ತು.

ಇದರ ವೈಜ್ಞಾನಿಕ ಹೆಸರು ಸಿರಿಯೋಕಾಸ್ಮಸ್ ಎಲೆಗನ್ಸ್. ಹುಟ್ಟೂರು ಟ್ರಿನಿಡಾಡ್ ಮತ್ತು ವೆನೆಜುವೆಲಾ ಕಡೆ. 1889ರಲ್ಲಿ ಯೂಜೀನ್ ಸಿಮೊನ್ ಅನ್ನೋ ಫ್ರೆಂಚ್ ಜೇಡತಜ್ಞ ಇದನ್ನ ಮೊದಲು ವಿವರಿಸಿದ. ಟರಾಂಟುಲಾ ಅಂದಕೂಡಲೇ ಊಟದ ತಟ್ಟೆ ಗಾತ್ರದ ಜೇಡ ಕಣ್ಮುಂದೆ ಬಂದ್ರೆ, ಅದು ದಕ್ಷಿಣ ಅಮೆರಿಕದ ಗೋಲಿಯತ್. ಕಾಲು ಚಾಚಿದರೆ 30 ಸೆಂ.ಮೀ. ಹತ್ತಿರ ಬರುತ್ತೆ. ಸಾವಿರಕ್ಕೂ ಹೆಚ್ಚು ಪ್ರಭೇದಗಳಿರೋ ಈ ಕುಟುಂಬದಲ್ಲಿ ನಮ್ಮನೆಯದು ಕುಳ್ಳರ ಪೈಕಿ. ಪೂರ್ತಿ ಬೆಳೆದ ಹೆಣ್ಣು, ಎಂಟೂ ಕಾಲು ಚಾಚಿದರೂ ನಾಲ್ಕು ಸೆಂ.ಮೀ. ಆಸುಪಾಸು. ಹತ್ತು ರೂಪಾಯಿ ನಾಣ್ಯದ ಮೇಲೆ ಕೂತರೆ ಕಾಲಿನ ತುದಿಗಳು ಮಾತ್ರ ಆಚೆ ಬರುತ್ತವೆ. ಮೈ ಕಪ್ಪು, ಹೊಟ್ಟೆಯ ಪಕ್ಕದಲ್ಲಿ ಹುಲಿಗಿರೋ ಹಾಗೆ ಪಟ್ಟೆ, ಹೊಟ್ಟೆಯ ಮೇಲೆ ಹಿಂಬದಿಗೆ ಹೃದಯದಾಕಾರದ ಕಿತ್ತಳೆ ಮಚ್ಚೆ.

ಟರಾಂಟುಲಾಗಳಲ್ಲಿ ಮರದ ಮೇಲೆ ಬದುಕೋವು ಇವೆ, ನೆಲದ ಮೇಲೆ ಇರೋವು ಇವೆ. ಇದು ನೆಲದ್ದು, ಅದರಲ್ಲೂ ಬಿಲ ತೋಡೋ ಜಾತಿ. ಗೋಡೆಗೆ ಅಡ್ಡಡ್ಡ ಬಲೆ ಕಟ್ಟಿ ಕಾಯಲ್ಲ. ಬಿಲದ ಬಾಯಿಗೆ ತೆಳುವಾಗಿ ನೂಲು ಹಾಸಿ, ಒಳಗೆ ಕೂತಿರುತ್ತೆ. ಯಾವುದೋ ಹುಳ ಆ ನೂಲು ತುಳಿದರೆ ಹೊರಗೆ ಬರುತ್ತೆ, ಹಿಡಿಯುತ್ತೆ, ಒಳಗೆ ಹೋಗುತ್ತೆ. ಇಷ್ಟೂ ಒಂದು ಸೆಕೆಂಡಿನ ಕೆಲಸ.

ಮನೆ, ಊಟ, ಜಿರಳೆ

ಸಾಕೋ ಖರ್ಚು ಕೇಳಿದರೆ ನಗ್ತೀರಿ. ಉಪ್ಪಿನಕಾಯಿ ಭರಣಿಗಿಂತ ತುಸು ದೊಡ್ಡದಾದ ಅಕ್ರಿಲಿಕ್ ಡಬ್ಬಿ, ಗಾಳಿಗೆ ಸಣ್ಣ ತೂತುಗಳು. ಒಳಗೆ ಹತ್ತು ಸೆಂ.ಮೀ. ಆಳಕ್ಕೆ ಮಣ್ಣು ಬೆರೆಸಿದ ತೆಂಗಿನ ನಾರಿನ ಪುಡಿ, ಅದುಮಿ ತುಂಬಿದ್ದು. ಮೇಲೆ ಒಂದು ಮರದ ತೊಗಟೆಯ ತುಂಡು, ಬಾಟಲಿ ಮುಚ್ಚಳದಷ್ಟು ನೀರಿನ ಬಟ್ಟಲು. ಅಡಿಯ ಮಣ್ಣು ಸ್ವಲ್ಪ ತೇವ ಇರಬೇಕು, ಮೇಲ್ಭಾಗ ಒಣಗಿದರೂ ನಡೆಯುತ್ತೆ. ನಾವು ಆರಾಮಾಗಿರೋ ಕೋಣೆಯ ಶಾಖವೇ ಅದಕ್ಕೂ ಸಾಕು, ಬಿಸಿ ಮಾಡೋ ದೀಪ ಬೇಡ.

ಮುಖ್ಯವಾದದ್ದು ಒಂದಿದೆ. ಮಣ್ಣಿನಿಂದ ಮುಚ್ಚಳದ ತನಕ ಎತ್ತರ ಕಮ್ಮಿ ಇರಬೇಕು. ನೆಲದ ಟರಾಂಟುಲಾ ಗೋಡೆ ಹತ್ತಿ ಬಿದ್ದರೆ, ನೀರು ತುಂಬಿದ ಬಲೂನಿನಂಥ ಅದರ ಹೊಟ್ಟೆ ಒಡೆದುಹೋಗಬಹುದು. ಕೈ ಮೇಲೆ ಬಿಟ್ಟುಕೊಂಡು ವಿಡಿಯೊ ಮಾಡೋರನ್ನ ನೋಡಿದರೆ ನನಗೆ ಭಯ ಆಗೋದು ಅವರ ಸಲುವಾಗಿ ಅಲ್ಲ, ಜೇಡದ ಸಲುವಾಗಿ. ಎದೆಯೆತ್ತರದಿಂದ ಬಿದ್ದರೆ ಆ ಜೀವದ ಕಥೆ ಮುಗೀತು.

ಊಟ ವಾರಕ್ಕೊಮ್ಮೆ. ರಾತ್ರಿ ಕಿರ್ರ್ ಅನ್ನೋ ಚಿಮ್ಮಂಡೆಯ ಮರಿ, ಇಲ್ಲವೇ ಇದಕ್ಕಂತಲೇ ಸಾಕಿ ಮಾರೋ ಜಿರಳೆ ಮರಿ. ಈ ವಿಷಯ ಬಳ್ಳಾರಿಯಲ್ಲಿರೋ ಅಮ್ಮನಿಗೆ ಹೇಳಿದಾಗ ಫೋನಲ್ಲಿ ಒಂದು ನಿಮಿಷ ಸದ್ದೇ ಇಲ್ಲ. ಆಮೇಲೆ, “ಅಲ್ಲಪ್ಪಾ, ನಾವಿಲ್ಲಿ ಜಿರಳೆ ಸಾಯ್ಸಾಕ ದುಡ್ಡು ಕೊಡ್ತೀವಿ, ನೀನಲ್ಲಿ ದುಡ್ಡು ಕೊಟ್ಟು ಜಿರಳೆ ತರ್ತಿಯೇನು?” ಅಂದಳು. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಆದರೆ ಅಮ್ಮನೇ ಮರುದಿನ ಫೋನ್ ಮಾಡಿ, “ಶ್ರೀಕಾಳಹಸ್ತಿಯಾಗ ಶಿವನ್ನ ಪೂಜೆ ಮಾಡಿ ಮೋಕ್ಷ ಪಡೆದದ್ದು ಜೇಡಾನ ಅಲ್ಲೇನು? ‘ಶ್ರೀ’ ಅಂದ್ರ ಜೇಡ, ‘ಕಾಳ’ ಅಂದ್ರ ಹಾವು, ‘ಹಸ್ತಿ’ ಅಂದ್ರ ಆನೆ. ಇರ್ಲಿ ಬಿಡು. ಹಾವು, ಆನೆ ಮಾತ್ರ ತರಬ್ಯಾಡ” ಅಂತ ಅನುಮತಿ ಕೊಟ್ಟಳು.

ಕಚ್ಚಲ್ವಾ?

ಕಚ್ಚಬಹುದು. ಅಮೆರಿಕ ಖಂಡಗಳ ಟರಾಂಟುಲಾಗಳ ವಿಷ ಮನುಷ್ಯನ ಮಟ್ಟಿಗೆ ಸಾಧಾರಣ, ಜೇನುಹುಳ ಕಚ್ಚಿದ ಹಾಗೆ ಅಂತಾರೆ. ಅಲರ್ಜಿ ಇರೋರ ಮಾತು ಬೇರೆ. ಇವುಗಳ ನಿಜವಾದ ಆಯುಧ ಹೊಟ್ಟೆಯ ಮೇಲಿನ ಕೂದಲು. ಹೆದರಿದಾಗ ಹಿಂಗಾಲಿನಿಂದ ಆ ಕೂದಲನ್ನ ಉಜ್ಜಿ ಗಾಳಿಗೆ ತೂರುತ್ತವೆ. ಚರ್ಮಕ್ಕೆ ತಾಗಿದರೆ ತುರಿಕೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆಗೇ ಹೋಗಬೇಕಾದೀತು. ಅದಕ್ಕೇ ಡಬ್ಬಿಯ ಮೇಲೆ ಮುಖ ಬಗ್ಗಿಸಬಾರದು, ಒಳಗಿನ ಕೆಲಸವನ್ನ ಉದ್ದನೆ ಚಿಮಟದಿಂದಲೇ ಮಾಡಬೇಕು. ನಮ್ಮ ಕಡೆಯ ಮರದ ಟರಾಂಟುಲಾಗಳಿಗೆ ಈ ಕೂದಲಿನ ಆಯುಧ ಇಲ್ಲ. ಅವು ಕಚ್ಚಿದರೆ ಮಾತ್ರ ತೀವ್ರ ನೋವು, ದಿನಗಟ್ಟಲೆ ಸ್ನಾಯು ಹಿಡಿದುಕೊಳ್ಳೋದು ಎಲ್ಲ ಇದೆ.

ಗುರುತು ಹಿಡಿಯುತ್ತಾ?

ಇಲ್ಲ. ಎಂಟು ಕಣ್ಣಿದ್ದರೂ ಬೆಳಕು, ನೆರಳು ಬಿಟ್ಟು ಹೆಚ್ಚೇನೂ ಕಾಣಲ್ಲ. ಅದಕ್ಕೆ ಲೋಕ ತಿಳಿಯೋದು ಕಾಲಿನ ಕೂದಲಿಂದ, ಕಂಪನದಿಂದ. ನಾನು ಅಡುಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ ಹಾಕಿದರೆ ಸರಕ್ಕನೆ ಬಿಲಕ್ಕೆ ಹೋಗುತ್ತೆ. ನಮ್ಮಿಬ್ಬರ ನಡುವಿನ ಸಂಬಂಧ ಅಂತ ಏನಾದರೂ ಇದ್ದರೆ ಅದು ಇಷ್ಟೇ: ಅದರ ಮಟ್ಟಿಗೆ ನಾನೊಂದು ಭೂಕಂಪ.

‘ನಾಯಿ ಬಿಟ್ಟು ಇದ್ಯಾಕೆ’ ಅನ್ನೋದಕ್ಕೆ ಉತ್ತರ ಇಲ್ಲೇ ಎಲ್ಲೋ ಇದೆ ಅನ್ಸುತ್ತೆ. ನಮ್ಮ ಕೆಲಸ ನಿಮಗೆ ಗೊತ್ತೇ ಇದೆ. ಬೆಳಗಿಂದ ರಾತ್ರಿವರೆಗೆ ಏನನ್ನಾದರೂ ಸರಿಪಡಿಸ್ತಾನೇ ಇರಬೇಕು. ಅಲರ್ಟ್ ಬಂತಾ ನೋಡು, ಟಿಕೆಟ್ ಬಂತಾ ಮುಚ್ಚು, ಮೆಸೇಜ್ ಬಂತಾ ಉತ್ತರಿಸು. ಈ ಪ್ರಾಣಿಗೆ ನನ್ನಿಂದ ಬೇಕಾಗಿರೋದು ನೀರು, ವಾರಕ್ಕೊಂದು ಹುಳ, ಉಳಿದ ಹೊತ್ತು ನಾನು ಕೈ ಹಾಕದೆ ಇರೋದು. ಸುಲಭ ಅಂದ್ಕೊಂಡಿದ್ದೆ. ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಪೊರೆ ಬಿಡೋ ದಿನ.

ಬೆನ್ನ ಮೇಲೆ ಮಲಗಿದ ಭಾನುವಾರ

ಟರಾಂಟುಲಾ ಬೆಳೆಯೋದು ಪೊರೆ ಬಿಟ್ಟು. ಪೊರೆಗೆ ಮುಂಚೆ ಊಟ ಬಿಡುತ್ತೆ, ಬಿಲದ ಬಾಯಿ ಮುಚ್ಚಿಕೊಳ್ಳುತ್ತೆ. ನಮ್ಮನೆಯದು ಮೂರು ವಾರ ಏನನ್ನೂ ಮುಟ್ಟಲಿಲ್ಲ. ಬಿಲವನ್ನ ಡಬ್ಬಿಯ ಗೋಡೆಗೆ ಒತ್ತಿಕೊಂಡೇ ತೋಡಿದ್ದರಿಂದ ಒಳಗಿನದು ಸ್ವಲ್ಪ ಕಾಣ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ನೂಲಿನ ಹಾಸಿಗೆಯ ಮೇಲೆ ಅಂಗಾತ ಬಿದ್ದಿದೆ, ಎಂಟೂ ಕಾಲು ಮೇಲೆ.

ಗೊತ್ತಿಲ್ಲದವರು ಸತ್ತೇಹೋಯ್ತು ಅಂತ ಎತ್ತಿ ಬಿಸಾಡೋದು ಈ ಹಂತದಲ್ಲೇ. ಸಾಯೋ ಟರಾಂಟುಲಾ ಸಾಮಾನ್ಯವಾಗಿ ಬೆನ್ನ ಮೇಲೆ ಬೀಳಲ್ಲ. ನೆಟ್ಟಗೇ ಇದ್ದು, ಕಾಲುಗಳನ್ನ ಹೊಟ್ಟೆಯ ಕೆಳಗೆ ಮುದುಡಿಕೊಳ್ಳುತ್ತೆ. ಕಾರಣ ಸರಳ. ಅದರ ಕಾಲು ಮಡಚೋಕೆ ಸ್ನಾಯು ಇದೆ, ಪೂರ್ತಿ ಚಾಚೋಕೆ ಮಾತ್ರ ಒಳಗಿನ ದ್ರವದ ಒತ್ತಡ ಬೇಕು. ಜೆಸಿಬಿಯ ತೋಳಿನ ಲೆಕ್ಕ. ಒತ್ತಡ ಹೋದರೆ ಕಾಲು ತಾನಾಗಿ ಒಳಗೆ ಮಡಚಿಕೊಳ್ಳುತ್ತೆ. ಅಂಗಾತ ಬಿದ್ದಿದೆ ಅಂದ್ರೆ ಪೊರೆ ಬಿಡ್ತಿದೆ ಅಂತ ಅರ್ಥ.

ಇದನ್ನೆಲ್ಲ ಓದಿದ್ದೆ. ಓದಿದ್ದು ಬೇರೆ, ಕೂತು ನೋಡೋದು ಬೇರೆ. ಮೊದಲು ಬೆನ್ನಿನ ಚಿಪ್ಪು ಡಬ್ಬಿಯ ಮುಚ್ಚಳದ ಹಾಗೆ ಬಿಟ್ಟುಕೊಳ್ತು. ಆಮೇಲೆ ಶುರುವಾಯ್ತು ಕಾಲು ಎಳೆಯೋ ಕೆಲಸ. ಎಂಟು ಬಿಗಿ ತೋಳಿನ ಅಂಗಿಯನ್ನ ಕೈಯ ಸಹಾಯ ಇಲ್ಲದೆ ಬಿಚ್ಚೋದನ್ನ ಊಹಿಸಿಕೊಳ್ಳಿ. ಸ್ವಲ್ಪ ಎಳೆಯುತ್ತೆ, ನಿಲ್ಲುತ್ತೆ. ಇಪ್ಪತ್ತು ನಿಮಿಷ ಅಲ್ಲಾಟವೇ ಇಲ್ಲ. ಮತ್ತೆ ಸ್ವಲ್ಪ. ಚರ್ಮ ಮಾತ್ರ ಅಲ್ಲ, ಕೋರೆಹಲ್ಲು, ಉಸಿರಾಟದ ಅಂಗದ ಒಳಪದರ, ಹೀರುವ ಹೊಟ್ಟೆಯ ಒಳಪದರ ಕೂಡ ಕಳಚಬೇಕು. ಒಂದು ಕಾಲು ಸಿಕ್ಕಿಹಾಕಿಕೊಂಡರೂ ಕಷ್ಟ. ಹಲ್ಲು ಸರಿಯಾಗಿ ಬಾರದಿದ್ದರೆ ಆಮೇಲೆ ಉಪವಾಸ.

ಒಂದು ಕಾಲು ಬಹಳ ಹೊತ್ತು ಬರಲೇ ಇಲ್ಲ. ಚಿಮಟ ಮೇಜಿನ ಮೇಲೇ ಇತ್ತು, ನನ್ನ ಕೈ ಪದೇಪದೇ ಅತ್ತ ಹೋಗ್ತಿತ್ತು. ಆದರೆ ಆ ಹೊತ್ತಲ್ಲಿ ಅದರ ಮೈ ಹಸಿ ಹಿಟ್ಟಿನಷ್ಟು ಮೆತ್ತಗೆ, ಮುಟ್ಟಿದರೆ ಹರಿಯುತ್ತೆ. ಚಿಮಟವನ್ನ ಡ್ರಾಯರಿನೊಳಗೆ ಇಟ್ಟು, ಕೈ ಕಟ್ಟಿ ಕೂತೆ. ಫೋನ್ ಬಂತು, ತೆಗೀಲಿಲ್ಲ. ಮೂರು ಗಂಟೆ ಆದ ಮೇಲೆ ಆ ಕಾಲು ಆಚೆ ಬಂತು. ಹಳೇ ಪೊರೆ ಪಕ್ಕದಲ್ಲಿ ಇನ್ನೊಂದು ಜೇಡದ ಹಾಗೇ ಬಿದ್ದಿತ್ತು. ಹೊಸ ಜೇಡದ ಕೋರೆಹಲ್ಲು ಹಾಲಿನಷ್ಟು ಬಿಳಿ. ಅದು ಕೆಂಪಾಗಿ, ಆಮೇಲೆ ಕಪ್ಪಾಗಿ ಗಟ್ಟಿಯಾಗೋ ತನಕ ಊಟ ಕೊಡೋ ಹಾಗಿಲ್ಲ. ಅಷ್ಟರಲ್ಲಿ ಚಿಮ್ಮಂಡೆ ಬಿಟ್ಟರೆ, ಅದೇ ಜೇಡವನ್ನ ಕಚ್ಚಿ ತಿಂದುಬಿಡುತ್ತೆ.

ಎರಡು ದಿನ ಬೇರೆ ಮನೆ

ಹೋದ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನ ಆಫೀಸಿನವರು ಬಾಗಿಲಿಗೆ ಚೀಟಿ ಅಂಟಿಸಿದರು. ಗುರುವಾರ ಎಲ್ಲ ಮನೆಗೂ ಕೀಟನಾಶಕ ಹೊಡೀತಾರಂತೆ. ಜಿರಳೆ ಸಾಯೋ ಔಷಧಿ ಜೇಡವನ್ನೂ ಬಿಡಲ್ಲ. ಗೋಡೆಗೆ ಹೊಡೆಯೋ ಸ್ಪ್ರೇ, ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕೋ ಲಿಕ್ವಿಡ್ ಎಲ್ಲವೂ ಇದಕ್ಕೆ ಅಪಾಯವೇ. ಬೇರೆ ದಾರಿ ಇಲ್ಲದೆ ಡಬ್ಬಿಯನ್ನ ಟವೆಲ್ಲಿನಲ್ಲಿ ಸುತ್ತಿ, ಜೊತೆಗೆ ಕೆಲಸ ಮಾಡೋ ಗೆಳೆಯನ ಮನೆಗೆ ಒಯ್ದೆ. ಅವನ ಹೆಂಡತಿ ‘ಗ್ಯಾರೇಜಿನಲ್ಲಿ ಇಡಿ’ ಅಂದರು. ನಾಲ್ಕು ವರ್ಷದ ಮಗಳು ‘ಹಾಲಿನಲ್ಲೇ ಇಡಿ’ ಅಂತ ಹಠ ಹಿಡಿದಳು. ಹಾಲಿನಲ್ಲೇ ಇಟ್ಟೆವು. ಅದಕ್ಕೆ ‘ಬೆಲ್ಲ’ ಅಂತ ಹೆಸರಿಟ್ಟಿದ್ದೂ ಅವಳೇ. ಅಲ್ಲಿಯವರೆಗೆ ಹೆಸರಿರಲಿಲ್ಲ.

ಆ ಮನೆಯಲ್ಲಿ ಗೆಳೆಯನ ಅಪ್ಪ ಬಂದಿದ್ದರು, ಶಿರಸಿ ಹತ್ತಿರದ ಅಡಿಕೆ ತೋಟದವರು. ಅಮೆರಿಕಕ್ಕೆ ಬಂದು ತಿಂಗಳಾಗಿ ಬೇಜಾರು ಹತ್ತಿ ಕೂತಿದ್ದರು. ಕನ್ನಡಕ ಏರಿಸಿಕೊಂಡು ಡಬ್ಬಿಯ ಹತ್ತಿರ ಬಂದು ಬಹಳ ಹೊತ್ತು ನೋಡಿದರು. “ತಮಾ, ಇದು ನಮ್ಮ ತೋಟದ ಧರೆಯಲ್ಲಿ ಇರ್ತಿತ್ತಲ್ಲ. ಇದಕ್ಕಿಂತ ದೊಡ್ಡದು” ಅಂದರು. ಸಣ್ಣವರಿದ್ದಾಗ ರಾತ್ರಿ ಬ್ಯಾಟರಿ ಹಿಡಿದುಕೊಂಡು ಹೋಗಿ, ಬಿಲದ ಬಾಯಿಗೆ ಹುಲ್ಲುಕಡ್ಡಿ ತಾಗಿಸೋರಂತೆ. ಅದು ಬಂದು ಕಡ್ಡಿ ಹಿಡಿದು ಎಳೀತಿತ್ತಂತೆ. “ಹಿಡೀತಿರಲಿಲ್ಲ, ಕೊಲ್ತಿರಲಿಲ್ಲ. ನೋಡಿ ಬರೋದು, ಅಷ್ಟೇ. ಈಗ ರಸ್ತೆ ಅಗಲ ಮಾಡ್ತೇವೆ ಅಂತ ಆ ಧರೆಯನ್ನೇ ಕಡಿದು ಹಾಕಿದ್ದಾರೆ.”

ಅವರು ಹೇಳಿದ್ದು ಕಟ್ಟುಕಥೆ ಅಲ್ಲ. ಪಶ್ಚಿಮ ಘಟ್ಟದ ಮಣ್ಣಿನ ಧರೆಗಳಲ್ಲಿ ಬಿಲ ತೋಡಿ ಬದುಕೋ ಟರಾಂಟುಲಾಗಳಿವೆ. ಉತ್ತರ ಕನ್ನಡದ ಅಂಥ ಜೇಡಗಳನ್ನ ಆರ್. ಐ. ಪೊಕಾಕ್ ಅನ್ನೋ ಬ್ರಿಟಿಷ್ ತಜ್ಞ 1899ರಲ್ಲೇ ವಿವರಿಸಿ, ಥ್ರಿಗ್ಮೊಪಿಯಸ್ ಅಂತ ಹೆಸರು ಕೊಟ್ಟಿದ್ದ.

ಗುತ್ತಿಯ ನೀಲಿ ಜೇಡ

ಅದೇ 1899ರಲ್ಲಿ ಅದೇ ಪೊಕಾಕ್ ಇನ್ನೊಂದು ಜೇಡವನ್ನೂ ವಿವರಿಸಿದ. ಅದು ಸಿಕ್ಕಿದ್ದು ಆಂಧ್ರದ ಗುತ್ತಿಯಲ್ಲಿ, ರೈಲ್ವೆಯವರ ಕಟ್ಟಿಗೆ ರಾಶಿಯಲ್ಲಿ. ನಮ್ಮ ಬಳ್ಳಾರಿಯಿಂದ ರೈಲು ಹತ್ತಿ ಗುಂತಕಲ್ ದಾಟಿದರೆ ಗುತ್ತಿ. ಮೈಯೆಲ್ಲ ಲೋಹದಂಥ ನೀಲಿ ಬಣ್ಣದ ಈ ಮರದ ಜೇಡದ ಹೆಸರು ಪೀಸಿಲೋಥೀರಿಯಾ ಮೆಟಾಲಿಕಾ. ಆಮೇಲೆ ನೂರು ವರ್ಷ ಅದರ ಸುದ್ದಿಯೇ ಇರಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಕಾಣಿಸ್ತು. ಕಟ್ಟಿಗೆಯ ಜೊತೆ ರೈಲಿನಲ್ಲಿ ಗುತ್ತಿಗೆ ಬಂದಿರಬೇಕು ಅಂತ ತಜ್ಞರ ಅಂದಾಜು. ಇವತ್ತು ಅದು ಅಳಿವಿನ ಅಂಚಿನಲ್ಲಿರೋ ಜೀವಿಗಳ ಪಟ್ಟಿಯಲ್ಲಿದೆ. ಇರೋ ಜಾಗ 100 ಚದರ ಕಿ.ಮೀ.ಗಿಂತ ಕಮ್ಮಿ, ಅಲ್ಲೂ ಸೌದೆಗೆ ಮರ ಕಡಿಯೋದು ನಿಂತಿಲ್ಲ.

ಆ ಜೇಡವನ್ನ ನಾನು ಮೊದಲ ಸಲ ನೋಡಿದ್ದು ಎಲ್ಲಿ ಗೊತ್ತಾ? ಡಲ್ಲಾಸಿನ ಮೇಳದಲ್ಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬೆಲೆ ಚೀಟಿ ಅಂಟಿಸಿದ್ದು. ಇಲ್ಲೇ ಹುಟ್ಟಿ ಬೆಳೆದದ್ದು ಅಂದ ಮಾರುವವನು. ನಿಜವೇ ಇರಬಹುದು, ಈಗ ಇಲ್ಲಿ ಮಾರೋದರಲ್ಲಿ ಬಹಳಷ್ಟು ಸಾಕಿದ ಜೇಡಗಳ ಸಂತಾನವೇ. ಆದರೆ ಆ ವಂಶದ ಮೊದಲ ಅಜ್ಜಿ ಒಂದು ದಿನ ಆಂಧ್ರದ ಮರದ ಪೊಟರೆಯಿಂದಲೇ ಹೊರಟಿರಬೇಕಲ್ವಾ? ನಮ್ಮೂರ ಪಕ್ಕದ ಪ್ರಾಣಿಯನ್ನ ನಾನು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಕಿ.ಮೀ. ಆಚೆ ಬಂದು ನೋಡಬೇಕಾಯ್ತು. ಅದನ್ನ ಕೊಳ್ಳಲಿಲ್ಲ. ನಮ್ಮನೆಯ ಬೆಲ್ಲವೂ ಸಾಕಿದ ಜೋಡಿಯ ಮರಿಯೇ, ವಿಚಾರಿಸಿಯೇ ತಂದದ್ದು. ಹಾಗಿದ್ದರೂ ಟ್ರಿನಿಡಾಡಿನ ಮಣ್ಣಲ್ಲಿ ಇರಬೇಕಾದ್ದು ನನ್ನ ಶೆಲ್ಫಿನಲ್ಲಿದೆ ಅನ್ನೋ ಯೋಚನೆ ಆಗಾಗ ಬರುತ್ತೆ. ಅದನ್ನ ಪೂರ್ತಿ ಅಳಿಸೋ ಉತ್ತರ ನನಗಿನ್ನೂ ಸಿಕ್ಕಿಲ್ಲ.

ಇನ್ನೊಂದು ಲೆಕ್ಕವೂ ಇದೆ. ದೊಡ್ಡ ಜಾತಿಯ ಹೆಣ್ಣು ಟರಾಂಟುಲಾ ಇಪ್ಪತ್ತು ವರ್ಷ ಬದುಕಬಹುದು. ನನ್ನ ವೀಸಾಕ್ಕೆ ಅಷ್ಟು ಆಯಸ್ಸಿಲ್ಲ. ಊರಿಗೆ ವಾಪಸ್ ಬರೋ ದಿನ ಇದನ್ನ ತರೋ ಹಾಗೂ ಇಲ್ಲ. ಬೇಗ ಬೆಳೆದು, ದೊಡ್ಡವುಗಳಷ್ಟು ಕಾಲ ಬದುಕದ ಕುಳ್ಳ ಜಾತಿಯನ್ನ ಆರಿಸಿದ್ದು ಅದಕ್ಕೇ. ನಾನು ಹೊರಟರೆ ಯಾರು ನೋಡಿಕೊಳ್ತಾರೆ ಅಂತ ತರೋ ಮುಂಚೆಯೇ ಒಬ್ಬರ ಹತ್ತಿರ ಮಾತಾಡಿ ಇಟ್ಟಿದ್ದೀನಿ.

ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ?

ಈಗ ಆ ಕೊನೇ ಪ್ರಶ್ನೆ. ಇನ್‌ಸ್ಟಾಗ್ರಾಮಿನಲ್ಲಿ ಯಾರಾದರೂ ‘ಕೊರಿಯರ್ ಮಾಡ್ತೀವಿ’ ಅಂದ್ರೆ ಒಂದು ಸುದ್ದಿ ನೆನಪಿಟ್ಟುಕೊಳ್ಳಿ. 2021ರ ಜುಲೈನಲ್ಲಿ ಚೆನ್ನೈನ ಕಸ್ಟಮ್ಸ್‌ನವರು ಪೋಲೆಂಡಿನಿಂದ ಬಂದ ಒಂದು ಅಂಚೆ ಪಾರ್ಸೆಲ್ ತೆರೆದರು. ಒಳಗೆ ಹತ್ತಿ, ಬೆಳ್ಳಿ ಬಣ್ಣದ ಹಾಳೆ ಸುತ್ತಿದ ಪುಟ್ಟ ಪ್ಲಾಸ್ಟಿಕ್ ಸೀಸೆಗಳಲ್ಲಿ 107 ಜೀವಂತ ಜೇಡಗಳು. ಆಮದು ಪರವಾನಗಿ ಇಲ್ಲ, ಆರೋಗ್ಯದ ದಾಖಲೆ ಇಲ್ಲ. ಎಲ್ಲವನ್ನೂ ವಾಪಸ್ ಕಳಿಸೋಕೆ ಹೇಳಿದರು. ಬರೋ ದಾರಿಯಷ್ಟೇ ಉದ್ದದ ಹೋಗೋ ದಾರಿ, ಅದೇ ಸೀಸೆಯಲ್ಲಿ.

ಕಾನೂನೂ ಈಗ ಬಿಗಿಯಾಗಿದೆ. ಪೀಸಿಲೋಥೀರಿಯಾ ಕುಲದ ಜೇಡಗಳೆಲ್ಲ 2019ರಿಂದ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಭಾರತದ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯ್ತು. 2024ರ ನಿಯಮಗಳ ಪ್ರಕಾರ ಇಂಥ ಪಟ್ಟಿಯಲ್ಲಿರೋ ಜೀವಿಗಳನ್ನ ಇಟ್ಟುಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಯಾವ ಜಾತಿ, ಎಲ್ಲಿಂದ ಬಂತು ಅಂತ ಕಾಗದ ತೋರಿಸದವರ ಹತ್ತಿರ ಕೊಂಡರೆ, ಸಿಕ್ಕಿಬೀಳೋದು ಮಾರಿದವನಲ್ಲ, ನೀವು.

ಹಾಗಾಗಿ ನನ್ನ ಉತ್ತರ: ಕೊಳ್ಳಬೇಡಿ. ಘಟ್ಟದ ಕಡೆ ಟ್ರಿಪ್ ಹೋದಾಗ ಒಂದು ರಾತ್ರಿ ಹೋಂಸ್ಟೇಯವರನ್ನ ಕೇಳಿ, ಟಾರ್ಚ್ ಹಿಡಿದು ಅವರ ಜೊತೆ ಧರೆಯ ಪಕ್ಕ ನಡೆದು ನೋಡಿ. ನಾಣ್ಯದಷ್ಟು ಅಗಲದ, ನೂಲು ಹಾಸಿದ ಬಿಲ ಕಂಡರೆ ದೂರದಲ್ಲೇ ಕೂತು ಕಾಯಿರಿ. ಅಗೆಯಬೇಡಿ, ನೀರು ಹುಯ್ಯಬೇಡಿ. ಫೋಟೊ ಹಾಕೋದಾದರೆ ಲೊಕೇಶನ್ ಹಾಕಬೇಡಿ. ಹಿಡಿದು ಮಾರೋರಿಗೆ ಅದೇ ವಿಳಾಸ.

ಅಷ್ಟು ದೂರ ಹೋಗೋಕೆ ಆಗದಿದ್ದರೆ ಮನೆಯಲ್ಲೇ ನೋಡಿ. ರಾತ್ರಿ ಬಾತ್‌ರೂಮಿನ ಗೋಡೆ ಮೇಲೆ ಅಂಗೈಯಗಲದ, ಚಪ್ಪಟೆ ಕಂದು ಜೇಡ ಕೂತಿರುತ್ತಲ್ಲ, ಅದು ಬಲೆ ಕಟ್ಟಲ್ಲ, ಜಿರಳೆ ಹಿಡಿದು ತಿನ್ನುತ್ತೆ. ಅದಕ್ಕೆ ಡಬ್ಬಿ ಬೇಡ, ನೋಂದಣಿ ಬೇಡ, ದುಡ್ಡು ಕೊಟ್ಟು ಜಿರಳೆ ತರೋದೂ ಬೇಡ. ಪೊರಕೆ ತರೋಕೆ ಹೊರಟವರನ್ನ ಒಂದೈದು ನಿಮಿಷ ತಡೆದು ನಿಲ್ಲಿಸಿ, ಸಾಕು.

ಮುಂದಿನ ವಾರ ಅಪ್ರೈಸಲ್ ಬಗ್ಗೆ ಬರೀತೀನಿ. ಅಲ್ಲೂ ಯಾವುದೋ ಅರ್ಧ ಸಾಲು ಹಿಡ್ಕೊಂಡು ಮೇಲ್ ಮಾಡ್ತೀರಿ ಅಂತ ಗೊತ್ತು.